ಮನಸ್ಸಿಗೆ ಬಂದದ್ದಕ್ಕೂ ಲೆಕ್ಕ ಇದೆಯಾ?

ಪ್ರಶ್ನೆ: ನಾನು ಹಾಸನದಲ್ಲಿ ಹುಡುಗಿಯರ ಹಾಸ್ಟೆಲ್ ಒಂದರ ವಾರ್ಡನ್. ನಮ್ಮಲ್ಲಿ ಒಂದೇ ರೂಮಿನಲ್ಲಿ ಇಬ್ಬರು ಹುಡುಗಿಯರಿದ್ದಾರೆ. ಒಬ್ಬಳು ಸಕಲೇಶಪುರ ಕಡೆಯ ಕಥೋಲಿಕರ ಮನೆಯವಳು, ಇನ್ನೊಬ್ಬಳು ಮೂಡಿಗೆರೆ ಕಡೆಯ ಬ್ಯಾರಿ ಮುಸ್ಲಿಮರ ಮನೆಯವಳು. ಒಳ್ಳೆಯ ಗೆಳತಿಯರು. ಹೋದ ತಿಂಗಳು ಮೊದಲನೆಯವಳು ನನ್ನ ಹತ್ತಿರ ಬಂದು ತುಂಬಾ ಅತ್ತಳು. ಕ್ಲಾಸಿನ ಒಬ್ಬ ಹುಡುಗನ ಬಗ್ಗೆ ಮನಸ್ಸಿನಲ್ಲಿ ಏನೇನೋ ಬರುತ್ತದೆ, ಅದು ವ್ಯಭಿಚಾರಕ್ಕೇ ಸಮ ಅಂತ ಯೇಸುವೇ ಹೇಳಿದ್ದಾರೆ ಎಂದಳು. ಪಕ್ಕದಲ್ಲಿದ್ದ ಗೆಳತಿ, ‘ನಮ್ಮಲ್ಲಿ ಮನಸ್ಸಿಗೆ ಬಂದದ್ದಕ್ಕೆ ಲೆಕ್ಕ ಇಲ್ಲ ಕಣೇ, ಮಾಡಿದ್ರೆ ಮಾತ್ರ’ ಎಂದಳು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಗಂಡು ಹೆಣ್ಣಿನ ವಿಷಯದಲ್ಲಿ ಈ ಎರಡು ಧರ್ಮಗಳು ನಿಜವಾಗಿ ಏನು ಹೇಳುತ್ತವೆ? ಯಾವುದು ಜಾಸ್ತಿ ಕಟ್ಟುನಿಟ್ಟು?

ಉತ್ತರ: ಮೇಡಂ, ನಾನು ಚಿಕ್ಕಮಗಳೂರಿನಲ್ಲಿ ಮೂವತ್ತು ವರ್ಷ ಧರ್ಮಗಳ ಇತಿಹಾಸ ಪಾಠ ಮಾಡಿದವನು. ಕ್ರೈಸ್ತನಲ್ಲ, ಮುಸಲ್ಮಾನನೂ ಅಲ್ಲ. ಎರಡೂ ಕಡೆಯ ಗೆಳೆಯರ ಮನೆಯಲ್ಲಿ ಉಂಡಿದ್ದೇನೆ. ಅವರ ಗ್ರಂಥಗಳನ್ನು ಗೌರವದಿಂದ ಓದಿದ್ದೇನೆ. ನಿಮ್ಮ ಪತ್ರ ಓದಿದಾಗ ಅಳುತ್ತಿದ್ದ ಆ ಹುಡುಗಿಯೇ ಕಣ್ಣ ಮುಂದೆ ಬಂದಳು. ಹಾಗಾಗಿ ಮೊದಲು ಅವಳ ಮಾತು. ಯಾವುದು ಕಟ್ಟುನಿಟ್ಟು ಅನ್ನುವುದು ಆಮೇಲೆ.

ಅವಳು ಹೇಳಿದ ಮಾತು ಮತ್ತಾಯನ ಶುಭಸಂದೇಶದ 5ನೇ ಅಧ್ಯಾಯದಲ್ಲಿದೆ. ವ್ಯಭಿಚಾರ ಮಾಡಬೇಡ ಎಂಬ ಹಳೆಯ ಆಜ್ಞೆ ನಿಮಗೆ ಗೊತ್ತು, ಆದರೆ ಹೆಂಗಸನ್ನು ಕಾಮದ ಕಣ್ಣಿಂದ ನೋಡುವವನು ಆಗಲೇ ಮನಸ್ಸಿನಲ್ಲಿ ವ್ಯಭಿಚಾರ ಮಾಡಿದ್ದಾನೆ ಎಂದು ನಾನು ಹೇಳುತ್ತೇನೆ. ಇದು ಅದರ ಸಾರ. ಬಿರುಸಾದ ಮಾತು, ನಿಜ. ಆದರೆ ಯೇಸು ಇದನ್ನು ಯಾರಿಗೆ ಹೇಳಿದರು ನೋಡಿ. ನೋಡುವ ಗಂಡಸಿಗೆ. ಆ ಕಾಲದಲ್ಲಿ ಹಾದರ ಅಂದರೆ ಊರೆಲ್ಲ ಮೊದಲು ಹೆಣ್ಣಿನ ಕಡೆ ಬೆರಳು ತೋರಿಸುತ್ತಿತ್ತು. ಯೇಸು ಆ ಬೆರಳನ್ನು ತಿರುಗಿಸಿ ಗಂಡಸಿನ ಕಣ್ಣಿಗೇ ಇಟ್ಟರು. ಅದೇ ಮಾತು ಎರಡು ಸಾವಿರ ವರ್ಷದ ಮೇಲೆ ಹಾಸನದ ಹಾಸ್ಟೆಲಿನಲ್ಲಿ ಒಂದು ಹೆಣ್ಣುಮಗಳನ್ನು ಅಳಿಸುತ್ತಿದೆ ಅಂದರೆ, ಅವಳಿಗೆ ಯಾರೋ ಅರ್ಧ ಪಾಠ ಮಾತ್ರ ಹೇಳಿದ್ದಾರೆ.

ಇನ್ನರ್ಧ ಹೀಗಿದೆ. ಆ ವಾಕ್ಯ ಬರೆದ ಮೂಲ ಗ್ರೀಕ್ ಭಾಷೆಯಲ್ಲಿ ಸುಮ್ನೆ ಕಣ್ಣಿಗೆ ಬೀಳುವುದರ ಮಾತಿಲ್ಲ. ಆಸೆಪಡಬೇಕು ಎಂದೇ ನೋಡುವುದು ಎಂಬ ಅರ್ಥ ಬರುತ್ತದೆ. ಅಲ್ಲಿ ಉದ್ದೇಶ ಇದೆ. ಕ್ರೈಸ್ತ ಪರಂಪರೆಯ ದೊಡ್ಡ ಗುರು ಸಂತ ಅಗಸ್ಟೀನ್ ಇದನ್ನು ವಿವರಿಸುವಾಗ ಮೂರು ಮೆಟ್ಟಿಲು ಹೇಳಿದರು. ಮೊದಲು ಮನಸ್ಸಿಗೆ ಒಂದು ಸೂಚನೆ ಬರುತ್ತದೆ. ಆಮೇಲೆ ಅದರಲ್ಲಿ ಹಿತ ಅನ್ನಿಸುತ್ತದೆ. ಮೂರನೆಯದು ಒಪ್ಪಿಗೆ. ಒಪ್ಪಿಗೆ ಕೊಟ್ಟಾಗ ಮಾತ್ರ ಪಾಪ ಪೂರ್ತಿಯಾಗುತ್ತದೆ. ನಮ್ಮ ಮಲೆನಾಡಿನ ಮಾತಲ್ಲಿ ಹೇಳಬೇಕಾದರೆ, ಬೇಲಿ ಸಂದಿಯಲ್ಲಿ ದನ ನುಗ್ಗುವುದು ಬೇರೆ, ನಾವೇ ಗೇಟು ತೆಗೆದು ತೋಟಕ್ಕೆ ಬಿಡುವುದು ಬೇರೆ. ಹತ್ತೊಂಬತ್ತು ವರ್ಷದ ಹುಡುಗಿಗೆ ಒಬ್ಬ ಹುಡುಗ ಇಷ್ಟವಾದ ಅನ್ನುವುದು ಬೇಲಿ ಸಂದಿಯ ದನ. ಅದಕ್ಕೆ ಯಾವ ಚರ್ಚೂ ಅವಳನ್ನು ವ್ಯಭಿಚಾರಿ ಅನ್ನುವುದಿಲ್ಲ.

ಗೆಳತಿ ಹೇಳಿದ್ದೂ ಅರ್ಧ ಸರಿ. ಮನಸ್ಸು ಪಿಸುಗುಟ್ಟಿದ್ದನ್ನು ಬಾಯಲ್ಲಿ ಆಡದೆ, ಕೈಯಲ್ಲಿ ಮಾಡದೆ ಇದ್ದರೆ ಅಲ್ಲಾಹನು ಅದನ್ನು ಕ್ಷಮಿಸಿದ್ದಾನೆ ಎಂಬ ಹದೀಸ್, ಅಂದರೆ ಪ್ರವಾದಿಯ ಮಾತಿನ ವರದಿ, ಇದೆ. ಬುಖಾರಿ, ಮುಸ್ಲಿಂ ಎಂಬ ಇಬ್ಬರು ಪಂಡಿತರ ಎರಡೂ ಹದೀಸ್ ಸಂಗ್ರಹಗಳಲ್ಲಿ ಇರುವುದರಿಂದ ಅದಕ್ಕೆ ತೂಕ ಜಾಸ್ತಿ. ಆದರೆ ಅದೇ ಸಂಗ್ರಹಗಳಲ್ಲಿ ಕಣ್ಣಿಗೂ ಒಂದು ಜಿನಾ ಇದೆ, ಅದು ನೋಟ ಎಂಬ ಮಾತೂ ಇದೆ. ಜಿನಾ ಅಂದರೆ ಮದುವೆಯ ಹೊರಗಿನ ದೇಹಸಂಬಂಧ. ಪ್ರವಾದಿ ಮುಹಮ್ಮದರು ತಮ್ಮ ಅಳಿಯ ಅಲಿಯವರಿಗೆ ಹೇಳಿದ ಮಾತು ಇನ್ನೂ ಚೆನ್ನಾಗಿದೆ. ಒಂದು ನೋಟದ ಹಿಂದೆ ಇನ್ನೊಂದು ನೋಟ ಕಳಿಸಬೇಡ, ಮೊದಲನೆಯದು ನಿನ್ನದು, ಎರಡನೆಯದು ನಿನ್ನದಲ್ಲ. ಅಗಸ್ಟೀನರ ಮೂರು ಮೆಟ್ಟಿಲಿನ ಪಕ್ಕ ಇದನ್ನು ಇಟ್ಟು ನೋಡಿ. ತಾನಾಗಿ ಆದದ್ದಕ್ಕೆ ದೋಷ ಇಲ್ಲ, ಬೇಕೆಂದು ಮಾಡಿದ್ದಕ್ಕೆ ಇದೆ ಎಂದು ಇಬ್ಬರೂ ಹೇಳುತ್ತಿದ್ದಾರೆ, ಅಲ್ವಾ?

ಹಾಗಾದರೆ ವ್ಯತ್ಯಾಸ ಎಲ್ಲಿದೆ? ಎಲ್ಲಿಂದ ಶುರು ಮಾಡುತ್ತಾರೆ ಅನ್ನುವುದರಲ್ಲಿದೆ. ಕ್ರೈಸ್ತ ಧರ್ಮ ಒಳಗಿನಿಂದ ಶುರು ಮಾಡುತ್ತದೆ. ಮನಸ್ಸು ಗುಣವಾದರೆ ಕೈ ತಾನಾಗಿ ಸರಿಯಾಗುತ್ತದೆ ಎಂಬ ನಂಬಿಕೆ. ಇಸ್ಲಾಂ ಕಾಲು ಇಡುವ ಜಾಗದಿಂದ ಶುರು ಮಾಡುತ್ತದೆ. ಕುರ್‌ಆನಿನ 17ನೇ ಸೂರಾ, ಅಂದರೆ ಅಧ್ಯಾಯ, ಜಿನಾ ಮಾಡಬೇಡಿ ಎಂದಷ್ಟೇ ಹೇಳುವುದಿಲ್ಲ, ಅದರ ಹತ್ತಿರಕ್ಕೂ ಹೋಗಬೇಡಿ ಎನ್ನುತ್ತದೆ. ಅದಕ್ಕೇ ನೋಟ, ಉಡುಪು, ಪರಗಂಡು ಪರಹೆಣ್ಣು ಇಬ್ಬರೇ ಬಾಗಿಲು ಹಾಕಿಕೊಂಡು ಕೂರಬಾರದು ಎಂಬ ನಿಯಮ, ಎಲ್ಲ. ಮನುಷ್ಯನ ಮನಸ್ಸು ದುರ್ಬಲ ಎಂದು ಮೊದಲೇ ಒಪ್ಪಿಕೊಂಡು ದೂರದಲ್ಲೇ ಬೇಲಿ ಹಾಕುವ ಕ್ರಮ ಅದು.

ಇಲ್ಲಿ ಒಂದು ವಿಷಯ ಒತ್ತಿ ಹೇಳಬೇಕು. ನಮ್ಮ ಕಡೆ ಇಸ್ಲಾಮಿನ ಮಾತು ಬಂದರೆ ಹಿಜಾಬ್ ಬಿಟ್ಟು ಬೇರೆ ಮಾತೇ ಬರುವುದಿಲ್ಲ. ಆದರೆ 24ನೇ ಸೂರಾದಲ್ಲಿ ಹೆಂಗಸರಿಗೆ ಹೇಳುವ ಮೊದಲು, ಅದರ ಹಿಂದಿನ ವಾಕ್ಯದಲ್ಲೇ, ಗಂಡಸರಿಗೆ ಅಪ್ಪಣೆ ಇದೆ. ನೋಟ ತಗ್ಗಿಸಿರಿ, ಮಾನ ಕಾಪಾಡಿಕೊಳ್ಳಿರಿ ಎಂದು. ಯೇಸುವೂ ಮೊದಲು ಗಂಡಸಿನ ಕಣ್ಣನ್ನೇ ಹಿಡಿದರು. ಇದನ್ನು ಗಂಡುಮಕ್ಕಳಿಗೆ ಹೇಳುವವರು ಎರಡೂ ಸಮುದಾಯದಲ್ಲಿ ಎಷ್ಟು ಕಡಿಮೆ!

ಈಗ ಇನ್ನೊಂದು ಆಳದ ವ್ಯತ್ಯಾಸಕ್ಕೆ ಬರುತ್ತೇನೆ. ಆಸೆ ಅನ್ನುವುದೇ ಒಳ್ಳೆಯದೋ ಕೆಟ್ಟದ್ದೋ?

ಇದನ್ನು ನಿಮ್ಮ ಜಿಲ್ಲೆಯವರಿಗೆ ವಿವರಿಸುವುದು ಸುಲಭ. ಶ್ರವಣಬೆಳಗೊಳ ಇದೆಯಲ್ಲ. ಜೈನರಲ್ಲಿ ಎರಡು ದಾರಿ. ಮುನಿಗಳಿಗೆ ಮಹಾವ್ರತ, ಅಂದರೆ ಪೂರ್ತಿ ಬ್ರಹ್ಮಚರ್ಯ. ಮನೆಯಲ್ಲಿರುವ ಶ್ರಾವಕರಿಗೆ ಅಣುವ್ರತ, ಅಂದರೆ ತನ್ನ ಹೆಂಡತಿಯಲ್ಲೇ ತೃಪ್ತನಾಗಿರುವುದು. ಎರಡೂ ಗೌರವದ್ದೇ, ಆದರೆ ಮೇಲಿನ ಮೆಟ್ಟಿಲು ಮುನಿಯದ್ದು. ಕ್ರೈಸ್ತ ಧರ್ಮ, ಅದರಲ್ಲೂ ಕಥೋಲಿಕರದ್ದು, ಬಹಳ ಕಾಲ ಇದೇ ರೀತಿ ನಡೆಯಿತು. ಯೇಸು ಮದುವೆಯಾಗಲಿಲ್ಲ ಎಂಬುದು ಪರಂಪರೆಯ ನಂಬಿಕೆ. ಸಂತ ಪೌಲರು ಕೊರಿಂಥದವರಿಗೆ ಬರೆದ ಪತ್ರದಲ್ಲಿ ಮದುವೆಯಾಗದೆ ಇರುವುದು ಒಳ್ಳೆಯದು, ಆದರೆ ಕಾಮದಲ್ಲಿ ಬೇಯುವುದಕ್ಕಿಂತ ಮದುವೆಯಾಗುವುದು ಮೇಲು ಎಂದರು. 354ರಿಂದ 430ರವರೆಗೆ ಬದುಕಿದ್ದ ಅಗಸ್ಟೀನ್ ಒಂದು ಹೆಜ್ಜೆ ಮುಂದೆ ಹೋದರು. ಮದುವೆ ಒಳ್ಳೆಯದೇ, ಆದರೆ ಮನಸ್ಸಿನ ಮಾತು ಕೇಳದ ಆ ಕಾಮ ಆದಾಮನ ಪಾಪದ ಗಾಯ ಎಂದರು. ಪ್ರಾಯದಲ್ಲಿ ಸ್ವಂತ ಆಸೆಯ ಜೊತೆ ತುಂಬಾ ಗುದ್ದಾಡಿದ ಮನುಷ್ಯ ಅವರು. ಆ ಗುದ್ದಾಟದ ನೋವು ಪಶ್ಚಿಮದ ಇಡೀ ಕ್ರೈಸ್ತ ಲೋಕಕ್ಕೆ ಹರಡಿತು. ನಿಮ್ಮ ಹಾಸ್ಟೆಲಿನ ಹುಡುಗಿಯ ಕಣ್ಣೀರಿನಲ್ಲಿ ಅದರ ಒಂದು ಹನಿ ಇದೆ ಎಂದು ನನಗೆ ಅನ್ನಿಸುತ್ತದೆ.

ಪಾದ್ರಿಗಳು ಮದುವೆಯಾಗಬಾರದು ಎಂಬ ನಿಯಮ ರೋಮಿನ ಸಭೆಯಲ್ಲಿ 1123 ಮತ್ತು 1139ರ ಲ್ಯಾಟರನ್ ಸಮ್ಮೇಳನಗಳಲ್ಲಿ ಗಟ್ಟಿಯಾಯಿತು. ಇದನ್ನು ಮುರಿದವರಲ್ಲಿ ದೊಡ್ಡ ಹೆಸರು ಜರ್ಮನಿಯ ಮಾರ್ಟಿನ್ ಲೂಥರ್. ಸನ್ಯಾಸಿಯಾಗಿದ್ದವರು 1525ರಲ್ಲಿ ಸನ್ಯಾಸಿನಿಯಾಗಿದ್ದ ಕ್ಯಾಥರೀನಾ ಅವರನ್ನು ಮದುವೆಯಾದರು. ಈ ಜಗಳದ ಗುರುತು ನಮ್ಮ ಊರುಗಳಲ್ಲೂ ಇದೆ. ಹೇಮಾವತಿ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಏಳುವ ಶೆಟ್ಟಿಹಳ್ಳಿಯ ಹಳೆಯ ಚರ್ಚು ನೋಡಿರುತ್ತೀರಿ. ಅದನ್ನು 19ನೇ ಶತಮಾನದಲ್ಲಿ ಕಟ್ಟಿಸಿದ ಫ್ರೆಂಚ್ ಪಾದ್ರಿಗಳು ಬ್ರಹ್ಮಚಾರಿಗಳು. ಅದೇ ಕಾಲದಲ್ಲಿ ಮೈಸೂರು ಸೀಮೆಗೆ ಬಂದ, ರೋಮಿನ ಸಭೆಯಿಂದ ಬೇರೆಯಾದ ಪ್ರಾಟೆಸ್ಟಂಟ್ ಮಿಷನರಿಗಳು ಹೆಂಡತಿ ಮಕ್ಕಳ ಜೊತೆ ಬಂದರು. ಒಂದೇ ಬೈಬಲ್, ಎರಡು ಬದುಕು. ಹಾಗಾಗಿ ಕ್ರೈಸ್ತರ ನಿಲುವು ಎಂದು ಯಾರಾದರೂ ಒಂದೇ ಮಾತಲ್ಲಿ ಹೇಳಿದರೆ ಯಾವ ಕ್ರೈಸ್ತರು ಎಂದು ಕೇಳಬೇಕು.

ಇಸ್ಲಾಮಿನಲ್ಲಿ ಈ ಎರಡು ಮೆಟ್ಟಿಲಿಲ್ಲ. ಎಲ್ಲರಿಗೂ ಒಂದೇ ದಾರಿ, ಅದು ಸಂಸಾರದ ದಾರಿ. ಪ್ರವಾದಿಯವರೇ ಸಂಸಾರಸ್ಥರು. ಮದುವೆ ನನ್ನ ಕ್ರಮ ಎಂದು ಅವರು ಹೇಳಿದ್ದಾರೆ. ಶಕ್ತಿ ಇರುವ ಯುವಕರು ಮದುವೆಯಾಗಲಿ, ಆಗದವರು ಉಪವಾಸ ಹಿಡಿಯಲಿ ಎಂಬುದು ಅವರ ಸಲಹೆ. ಇನ್ನೊಂದು ಹದೀಸ್ ಕೇಳಿದಾಗ ನನ್ನ ವಿದ್ಯಾರ್ಥಿಗಳು ಪ್ರತಿ ವರ್ಷ ಬೆರಗಾಗುತ್ತಿದ್ದರು. ಹೆಂಡತಿಯ ಜೊತೆ ಕೂಡುವುದರಲ್ಲೂ ದಾನದ ಪುಣ್ಯ ಇದೆ ಎಂದು ಪ್ರವಾದಿ ಹೇಳುತ್ತಾರೆ. ನಮ್ಮ ಆಸೆ ತೀರಿಸಿಕೊಂಡರೂ ಪುಣ್ಯವೇ ಎಂದು ಜೊತೆಯವರು ಕೇಳುತ್ತಾರೆ. ಅದನ್ನೇ ತಪ್ಪು ಜಾಗದಲ್ಲಿ ಮಾಡಿದರೆ ಪಾಪ ಆಗುತ್ತಿತ್ತಲ್ಲ, ಸರಿಯಾದ ಜಾಗದಲ್ಲಿ ಮಾಡಿದರೆ ಪುಣ್ಯ ಯಾಕಾಗಬಾರದು ಎಂದು ಉತ್ತರ. ಕುರ್‌ಆನಿನ 2ನೇ ಸೂರಾ ಗಂಡ ಹೆಂಡತಿಯರನ್ನು ಒಬ್ಬರಿಗೊಬ್ಬರು ಉಡುಪು ಎಂದು ಕರೆಯುತ್ತದೆ. ಮೈಗೆ ಹತ್ತಿರ ಇರುವುದು, ಮಾನ ಮುಚ್ಚುವುದು, ಚಳಿ ತಡೆಯುವುದು. ಒಂದೇ ಪದದಲ್ಲಿ ಎಷ್ಟೊಂದು ಹೇಳಿದೆ! ಆ ಮಾತು ಬರುವುದು ರಂಜಾನ್ ಉಪವಾಸದ ನಿಯಮ ಹೇಳುವ ವಾಕ್ಯದಲ್ಲಿ. ಹಗಲು ದೂರ ಇರಿ, ರಾತ್ರಿ ತಡೆಯಿಲ್ಲ ಎಂದು. 1111ರಲ್ಲಿ ತೀರಿಕೊಂಡ ಇಮಾಂ ಗಝಾಲಿ ಇನ್ನೂ ಬಿಡಿಸಿ ಬರೆದರು. ಗಂಡ ತನ್ನ ತೃಪ್ತಿ ಮುಗಿಸಿ ಎದ್ದುಹೋಗಬಾರದು, ಹೆಂಡತಿಯ ತೃಪ್ತಿಗೂ ಕಾಯಬೇಕು ಎಂದರು. ಒಂಬೈನೂರು ವರ್ಷದ ಹಿಂದಿನ ಧರ್ಮಗುರುವಿನ ಮಾತು ಇದು.

ಆದರೆ ಕ್ರೈಸ್ತರಲ್ಲಿ ಈ ಬೆಚ್ಚಗಿನ ಮಾತು ಇಲ್ಲ ಎಂದುಕೊಳ್ಳಬೇಡಿ. ಅದೇ ಪೌಲರು, ಅದೇ ಪತ್ರದಲ್ಲಿ, ಹೆಂಡತಿಯ ದೇಹದ ಮೇಲೆ ಗಂಡನಿಗೆ ಹಕ್ಕಿರುವ ಹಾಗೆ ಗಂಡನ ದೇಹದ ಮೇಲೆ ಹೆಂಡತಿಗೂ ಹಕ್ಕಿದೆ ಎಂದರು. ಆ ಕಾಲದ ರೋಮನ್ ಗಂಡಸರಿಗೆ ಇದು ಕೇಳಿ ಅಭ್ಯಾಸವಿದ್ದ ಮಾತಲ್ಲ. ನಿಮ್ಮ ದೇಹ ಪವಿತ್ರಾತ್ಮನ ಗುಡಿ ಎಂದೂ ಬರೆದರು. ದೇಹವೇ ದೇಗುಲ ಎಂದು ಕೇಳಿ ಬೆಳೆದ ನಮಗೆ ಇದು ಬೇಗ ಅರ್ಥವಾಗುತ್ತದೆ. ದೇಹ ಕೊಳಕು ಎಂಬುದು ಕ್ರೈಸ್ತ ಮಾತಲ್ಲ. ದೇಹ ಗುಡಿಯಾದ್ದರಿಂದಲೇ ಅಷ್ಟು ಎಚ್ಚರ. 1979ರಿಂದ 1984ರವರೆಗೆ ಪೋಪ್ ಎರಡನೇ ಜಾನ್ ಪಾಲ್ ಬುಧವಾರಗಳ ತಮ್ಮ ಉಪನ್ಯಾಸಗಳಲ್ಲಿ ಗಂಡು ಹೆಣ್ಣಿನ ದೇಹಪ್ರೀತಿ ದೇವರ ಪ್ರೀತಿಯ ಗುರುತು ಎಂದು ವಿವರಿಸುತ್ತಾ ಹೋದರು. ಅಗಸ್ಟೀನರ ಗಾಯಕ್ಕೆ ಹಚ್ಚಿದ ಮುಲಾಮು ಅದು ಎಂದು ನಾನು ಓದಿಕೊಂಡಿದ್ದೇನೆ.

ಮದುವೆಯ ವಿಷಯಕ್ಕೆ ಬರೋಣ. ಕಥೋಲಿಕರಿಗೆ ಮದುವೆ ಸಂಸ್ಕಾರ. ದೇವರು ಕೂಡಿಸಿದ್ದನ್ನು ಮನುಷ್ಯ ಬಿಡಿಸಬಾರದು ಎಂಬ ಯೇಸುವಿನ ಮಾತೇ ಅದರ ಬುನಾದಿ. ಚರ್ಚಿನ ಪ್ರಕಾರ ವಿಚ್ಛೇದನ ಇಲ್ಲ. ಮದುವೆ ಮೊದಲಿನಿಂದಲೇ ಸಿಂಧುವಾಗಿರಲಿಲ್ಲ ಎಂದು ಚರ್ಚಿನ ನ್ಯಾಯಾಲಯ ತೀರ್ಮಾನಿಸಿದರೆ ಮಾತ್ರ ಸಾಮಾನ್ಯವಾಗಿ ಬಿಡುಗಡೆ. ಮದುವೆ ಕದ್ದುಮುಚ್ಚಿ ಆಗಬಾರದು ಎಂದು 1563ರಲ್ಲಿ ಚರ್ಚಿನ ಟ್ರೆಂಟ್ ಸಮ್ಮೇಳನ ಪಾದ್ರಿ ಮತ್ತು ಸಾಕ್ಷಿಗಳು ಇರಲೇಬೇಕು ಎಂದು ಕಟ್ಟು ಮಾಡಿತು. ಹುಡುಗಿಗೆ ಮಾತು ಕೊಟ್ಟು ಆಮೇಲೆ ಮದುವೆಯೇ ಆಗಿಲ್ಲ ಎನ್ನುವ ಗಂಡಸರ ಹಾವಳಿ ಆಗ ಅಷ್ಟಿತ್ತು.

ಮುಸಲ್ಮಾನರಿಗೆ ನಿಕಾಹ್ ಒಂದು ಒಪ್ಪಂದ. ಒಪ್ಪಂದ ಅಂದ ತಕ್ಷಣ ವ್ಯಾಪಾರ ಎಂದುಕೊಳ್ಳಬೇಡಿ. ದೇವರ ಮುಂದೆ ಮಾಡುವ ಗಟ್ಟಿ ಒಪ್ಪಂದ. ಎರಡೂ ಕಡೆಯ ಒಪ್ಪಿಗೆ ಬೇಕು, ಸಾಕ್ಷಿಗಳು ಬೇಕು, ಗಂಡ ಹೆಂಡತಿಗೆ ಮಹರ್ ಕೊಡಬೇಕು. ಮಹರ್ ಅವಳ ಸ್ವಂತ ಆಸ್ತಿ. ಅಪ್ಪನಿಗೂ ಇಲ್ಲ, ಗಂಡನಿಗೂ ಇಲ್ಲ. ಈಗ ಏನಾಗಿದೆ ಎಂದು ನಿಮಗೇ ಗೊತ್ತು. ಎಷ್ಟೋ ಕಡೆ ಮಹರ್ ಹೆಸರಿಗೆ ಮಾತ್ರ. ವರದಕ್ಷಿಣೆ ಲಕ್ಷಗಟ್ಟಲೆ. ಹಿಂದೂಗಳಲ್ಲಿ, ಕ್ರೈಸ್ತರಲ್ಲಿ ಇರುವ ರೋಗವೇ ಅಲ್ಲೂ ಹೊಕ್ಕಿದೆ. ಲೈಂಗಿಕ ನೀತಿಯ ಬಗ್ಗೆ ಗಂಟೆಗಟ್ಟಲೆ ಉಪದೇಶ ಮಾಡುವವರು ಇದರ ಬಗ್ಗೆ ಬಾಯಿ ಬಿಡದಿದ್ದರೆ ನನಗೆ ಸಿಟ್ಟು ಬರುತ್ತದೆ.

ಒಂದು ಸಣ್ಣ ವಿವರ ನಿಮ್ಮ ಹಾಸ್ಟೆಲಿಗೆ ಉಪಯೋಗ ಆಗಬಹುದು. ಮುಸ್ಲಿಮರೆಲ್ಲರಿಗೂ ಒಂದೇ ಕಾನೂನು ಇಲ್ಲ. ಬ್ಯಾರಿಗಳು ಸಾಮಾನ್ಯವಾಗಿ ಶಾಫಿ ಪಂಥದವರು, ಹಾಸನ ಪೇಟೆಯ ಉರ್ದು ಮಾತಾಡುವ ಮನೆಗಳು ಹೆಚ್ಚಾಗಿ ಹನಫಿ. ಶಾಫಿಗಳಲ್ಲಿ ಹುಡುಗಿಯ ಮದುವೆಗೆ ತಂದೆ ಅಥವಾ ಅವರ ಜಾಗದಲ್ಲಿರುವ ಪೋಷಕ ಇರಲೇಬೇಕು. ಹನಫಿಗಳಲ್ಲಿ ಪ್ರಾಯಕ್ಕೆ ಬಂದ ಹೆಣ್ಣು ತಾನೇ ಒಪ್ಪಂದ ಮಾಡಿಕೊಳ್ಳಲು ಅವಕಾಶ ಇದೆ. ನಮ್ಮ ಧರ್ಮದಲ್ಲಿ ಹೀಗೇ ಎಂದು ಒಬ್ಬಳು ಹೇಳಿದ್ದನ್ನು ಇನ್ನೊಬ್ಬಳು ಅಲ್ಲ ಎಂದರೆ ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಒಪ್ಪಂದ ಆದ್ದರಿಂದ ಮುರಿಯಲು ದಾರಿ ಇದೆ. ಗಂಡನಿಗೆ ತಲಾಖ್, ಹೆಂಡತಿಗೆ ಖುಲಾ. ಆದರೆ ಕುರ್‌ಆನ್ ಹೇಳುವ ತಲಾಖ್ ಒಂದೇ ಉಸಿರಿನದ್ದಲ್ಲ. ಎರಡೂ ಮನೆಗಳಿಂದ ಒಬ್ಬೊಬ್ಬ ಹಿರಿಯರು ಕೂತು ರಾಜಿ ನೋಡಬೇಕು. ತಲಾಖ್ ಹೇಳಿದ ಮೇಲೂ ಮೂರು ಮುಟ್ಟಿನ ಕಾಲ ಕಾಯಬೇಕು. ಒಂದೇ ಸಲ ಮೂರು ತಲಾಖ್ ಹೇಳುವುದನ್ನು ನಮ್ಮ ಸುಪ್ರೀಂ ಕೋರ್ಟ್ 2017ರಲ್ಲಿ ರದ್ದು ಮಾಡಿತು, 2019ರ ಕಾನೂನು ಅದನ್ನು ಅಪರಾಧ ಮಾಡಿತು. ಒಬ್ಬ ಗಂಡಸು ನಾಲ್ಕರವರೆಗೆ ಮದುವೆಯಾಗಬಹುದು ಎಂಬ ವಾಕ್ಯದಲ್ಲೇ, ನ್ಯಾಯ ಮಾಡಲಾಗದು ಎಂಬ ಭಯ ಇದ್ದರೆ ಒಬ್ಬಳೇ ಸಾಕು ಎಂದಿದೆ. ಅದೇ ಸೂರಾದಲ್ಲಿ ಮುಂದೆ, ಎಷ್ಟು ಬಯಸಿದರೂ ಹೆಂಡತಿಯರ ನಡುವೆ ಸಮ ನ್ಯಾಯ ನಿಮ್ಮಿಂದ ಆಗದು ಎಂದೂ ಇದೆ. ಎರಡನ್ನೂ ಸೇರಿಸಿ ಓದಿದವರು ಒಂದೇ ಮದುವೆಯ ಕಡೆಗೇ ಕುರ್‌ಆನ್ ಕೈ ತೋರಿಸುತ್ತಿದೆ ಎನ್ನುತ್ತಾರೆ. ಇಸ್ಲಾಮಿನ ಹಳೆಯ ಕಾಲದ ಕಾನೂನು ದಾಸಿಯರ ಜೊತೆಗಿನ ಸಂಬಂಧಕ್ಕೂ ಜಾಗ ಕೊಟ್ಟಿತ್ತು ಎಂಬುದನ್ನು ಮುಚ್ಚಿಡುವುದು ಸರಿಯಲ್ಲ. ಕ್ರೈಸ್ತ ದೇಶಗಳ ತೋಟದ ಮಾಲೀಕರು ಕಾನೂನು ಕೊಡದ ಜಾಗವನ್ನೂ ಗುಲಾಮ ಹೆಂಗಸರ ಮೇಲೆ ತಾವೇ ಕಸಿದುಕೊಂಡರು ಎಂಬುದನ್ನೂ ಮರೆಯಬಾರದು.

ಬಿಡಿಸಲಾಗದ ಮದುವೆ ಹೆಣ್ಣಿಗೆ ಯಾವಾಗಲೂ ರಕ್ಷಣೆ ಆಯಿತು ಎಂದೂ ಹೇಳಲಾರೆ. ಬ್ರಿಟಿಷರು ಭಾರತದ ಕ್ರೈಸ್ತರಿಗೆ 1869ರಲ್ಲಿ ವಿಚ್ಛೇದನ ಕಾಯ್ದೆ ತಂದರು. ಅದರಲ್ಲಿ ಗಂಡ ಹೆಂಡತಿಯ ವ್ಯಭಿಚಾರ ಒಂದನ್ನೇ ತೋರಿಸಿದರೆ ಸಾಕಿತ್ತು. ಹೆಂಡತಿಯಾದರೆ ಗಂಡನ ವ್ಯಭಿಚಾರದ ಜೊತೆಗೆ ಹಿಂಸೆಯನ್ನೋ, ಬಿಟ್ಟುಹೋದದ್ದನ್ನೋ ಕೂಡ ಸಾಬೀತು ಮಾಡಬೇಕಿತ್ತು. ಇದು ಸರಿಯಾದದ್ದು 2001ರಲ್ಲಿ. ನೂರಮೂವತ್ತೆರಡು ವರ್ಷ!

ಗರ್ಭ ತಡೆಯುವ ವಿಷಯದಲ್ಲಿ ಜನ ಅಂದುಕೊಂಡಿರುವುದೇ ಬೇರೆ, ಇರುವುದೇ ಬೇರೆ. ಪೋಪ್ ಆರನೇ ಪಾಲ್ 1968ರಲ್ಲಿ ಕೃತಕ ಗರ್ಭನಿರೋಧ ಸಲ್ಲದು ಎಂದು ಸುತ್ತೋಲೆ ಹೊರಡಿಸಿದರು. ಫಲವಿಲ್ಲದ ದಿನಗಳ ಲೆಕ್ಕ ಹಿಡಿಯುವ ಸಹಜ ಕ್ರಮ ಮಾತ್ರ ಸರಿ ಎಂಬುದು ಇಂದಿಗೂ ಕಥೋಲಿಕ ನಿಲುವು. ಇಂಗ್ಲೆಂಡಿನ ಸಭೆಯ ಪರಂಪರೆಯ ಆಂಗ್ಲಿಕನ್ ಬಿಷಪ್ಪರು 1930ರಲ್ಲೇ ಷರತ್ತಿನ ಮೇಲೆ ಒಪ್ಪಿದ್ದರು. ಇಸ್ಲಾಮಿನಲ್ಲಿ ಪ್ರವಾದಿಯ ಕಾಲದಲ್ಲೇ ವೀರ್ಯ ಹೊರಗೆ ಬಿಡುವ ಕ್ರಮ ಇತ್ತು, ಕುರ್‌ಆನ್ ಇಳಿಯುತ್ತಿದ್ದಾಗಲೂ ನಾವು ಹಾಗೆ ಮಾಡುತ್ತಿದ್ದೆವು ಎಂದು ಜೊತೆಯವರು ಹೇಳಿದ್ದಾರೆ. ಹೆಂಡತಿಯ ಒಪ್ಪಿಗೆ ಬೇಕು ಎಂದು ಹೆಚ್ಚಿನ ಪಂಡಿತರು ಸೇರಿಸಿದರು. ಮಕ್ಕಳಾಗದಂತೆ ಶಾಶ್ವತ ಆಪರೇಷನ್ ಮಾಡಿಸುವುದಕ್ಕೆ ಮಾತ್ರ ಬಹಳ ಉಲೇಮಾಗಳ, ಅಂದರೆ ಧರ್ಮಪಂಡಿತರ, ವಿರೋಧ ಇದೆ. ಈ ಒಂದು ವಿಷಯದಲ್ಲಿ ಕಥೋಲಿಕರದ್ದೇ ಜಾಸ್ತಿ ಬಿಗಿ.

ಒಂದೇ ಲಿಂಗದವರ ಸಂಬಂಧವನ್ನು ಎರಡೂ ಪರಂಪರೆಗಳು ಹಳೆಯ ಕಾಲದಿಂದ ತಪ್ಪು ಎಂದೇ ಹೇಳಿಕೊಂಡು ಬಂದಿವೆ. ಇಂದು ಕೆಲವು ಪ್ರಾಟೆಸ್ಟಂಟ್ ಸಭೆಗಳು ಅಂಥ ಮದುವೆ ನಡೆಸುತ್ತವೆ, ಕಥೋಲಿಕರು ನಡೆಸುವುದಿಲ್ಲ. ಇಸ್ಲಾಮಿನ ಯಾವ ಹಳೆಯ ಪಂಥವೂ ಒಪ್ಪಿಲ್ಲ. ನಮ್ಮ ದೇಶದಲ್ಲಿ 2018ರಿಂದ ಅದು ಅಪರಾಧ ಅಲ್ಲ. ಅಂಥ ಮಗು ನಿಮ್ಮ ಹಾಸ್ಟೆಲಿನಲ್ಲಿದ್ದರೆ ಮೊದಲು ಅವಳ ಜೀವ, ಅವಳ ಧೈರ್ಯ ನೋಡಿಕೊಳ್ಳಿ.

ಈಗ ನಾನು ಮುಖ್ಯ ಎಂದುಕೊಂಡಿರುವ ಮಾತು. ಯಾವುದು ಕಟ್ಟುನಿಟ್ಟು ಎಂದು ಕೇಳಿದಿರಿ. ಮದುವೆಯ ಹೊರಗೆ ಬೇಡ ಎಂಬಲ್ಲಿ ಎರಡೂ ಒಂದೇ. ಒಂದು ಧರ್ಮವನ್ನು ಅಳೆಯಬೇಕಾದರೆ ಎಡವಿ ಬಿದ್ದವರನ್ನು ಅದು ಏನು ಮಾಡುತ್ತದೆ ಎಂದು ನೋಡಬೇಕು ಎಂಬುದು ನನ್ನ ಅಭಿಪ್ರಾಯ.

ಯೋಹಾನನ ಶುಭಸಂದೇಶದ 8ನೇ ಅಧ್ಯಾಯದ ಕಥೆ ನಿಮಗೆ ಗೊತ್ತಿರಬಹುದು. ಹಾದರದಲ್ಲಿ ಸಿಕ್ಕಿಬಿದ್ದ ಹೆಂಗಸನ್ನು ಎಳೆದು ತಂದು ಕಲ್ಲು ಹೊಡೆಯಬೇಕೇ ಎಂದು ಕೇಳುತ್ತಾರೆ. ಯೇಸು ಬಗ್ಗಿ ನೆಲದ ಮೇಲೆ ಬೆರಳಿಂದ ಏನೋ ಬರೆಯುತ್ತಾರೆ. ಪಾಪ ಮಾಡದವನು ಮೊದಲ ಕಲ್ಲು ಎಸೆಯಲಿ ಎನ್ನುತ್ತಾರೆ. ಹಿರಿಯರಿಂದ ಶುರುವಾಗಿ ಒಬ್ಬೊಬ್ಬರೇ ಜಾಗ ಖಾಲಿ ಮಾಡುತ್ತಾರೆ. ನಾನೂ ನಿನಗೆ ಶಿಕ್ಷೆ ಹೇಳುವುದಿಲ್ಲ, ಹೋಗು, ಇನ್ನು ಪಾಪ ಮಾಡಬೇಡ. ಈ ಭಾಗ ಅತಿ ಹಳೆಯ ಹಸ್ತಪ್ರತಿಗಳಲ್ಲಿ ಇಲ್ಲ. ಆದರೂ ಕ್ರೈಸ್ತರು ಅದನ್ನು ಬಿಟ್ಟುಕೊಡಲಿಲ್ಲ, ಎದೆಗೆ ಹಚ್ಚಿಕೊಂಡರು. ಆ ಹೆಂಗಸಿನ ಜೊತೆಗಿದ್ದ ಗಂಡಸು ಎಲ್ಲಿ ಎಂದು ಪ್ರತಿ ಸಲ ಓದುವಾಗಲೂ ನನಗೆ ಅನ್ನಿಸುತ್ತದೆ. ಅವನನ್ನು ಯಾರೂ ಎಳೆದು ತರಲಿಲ್ಲ.

ಇಸ್ಲಾಮಿನ ಕಡೆ ಬನ್ನಿ. ಶಿಕ್ಷೆ ಕಠಿಣ, ಅದನ್ನು ಮೃದು ಮಾಡಿ ಹೇಳುವುದಿಲ್ಲ. 24ನೇ ಸೂರಾ ಗಂಡಿಗೂ ಹೆಣ್ಣಿಗೂ ಸಮನಾಗಿ ನೂರು ಛಡಿಯೇಟು ಹೇಳುತ್ತದೆ. ಮದುವೆಯಾದವರಿಗೆ ಕಲ್ಲೆಸೆತ ಎಂದು ಹಳೆಯ ಪಂಡಿತರು ಹದೀಸ್ ಆಧಾರದ ಮೇಲೆ ಹೇಳಿದರು. ಆದರೆ ಅದೇ ಸೂರಾ ನಾಲ್ಕು ಜನ ಸಾಕ್ಷಿ ಬೇಕು ಎನ್ನುತ್ತದೆ. ಅದೂ ಕಣ್ಣಾರೆ ಕಂಡ ಸಾಕ್ಷಿ. ನಾಲ್ವರು ಸಿಗದೆ ಹೆಣ್ಣಿನ ಮೇಲೆ ಅಪವಾದ ಹೊರಿಸಿದವನಿಗೆ ಎಂಬತ್ತು ಏಟು, ಅವನ ಸಾಕ್ಷಿಯನ್ನು ಮುಂದೆ ಯಾರೂ ನಂಬಬಾರದು. ಪ್ರವಾದಿಯ ಪತ್ನಿ ಆಯಿಶಾ ಅವರ ಮೇಲೆ ಸುಳ್ಳು ಅಪವಾದ ಹಬ್ಬಿದ ಸಂದರ್ಭವೂ ಈ ಸೂರಾದಲ್ಲೇ ಬರುತ್ತದೆ. ಮಾಯಿಝ್ ಎಂಬವನು ತಾನೇ ಬಂದು ತಪ್ಪು ಮಾಡಿದೆ ಎಂದಾಗ ಪ್ರವಾದಿ ಮುಖ ತಿರುಗಿಸಿದರು. ಮತ್ತೆ ಬಂದ, ಮತ್ತೆ ತಿರುಗಿಸಿದರು. ಬರೀ ಮುತ್ತಿಟ್ಟಿರಬೇಕು, ಬರೀ ನೋಡಿರಬೇಕು ಎಂದು ತಪ್ಪಿಸಿಕೊಳ್ಳಲು ದಾರಿ ತೋರಿಸಿದರು. ಅವನು ಬಿಡಲಿಲ್ಲ, ಕೊನೆಗೆ ಶಿಕ್ಷೆ ಆಯಿತು. ಅವನನ್ನು ಕಳಿಸಿಕೊಟ್ಟವನಿಗೆ ಪ್ರವಾದಿ, ನಿನ್ನ ಬಟ್ಟೆಯಿಂದ ಅವನನ್ನು ಮುಚ್ಚಿದ್ದರೆ ನಿನಗೆ ಒಳ್ಳೆಯದಿತ್ತು ಎಂದರು.

ಇಲ್ಲೇ ಎರಡು ಧರ್ಮಗಳ ಮನಸ್ಸು ಬೇರೆ ಬೇರೆ ಕಾಣುತ್ತದೆ. ಕಥೋಲಿಕರು ಪಾಪವನ್ನು ಬಾಯಿ ಬಿಟ್ಟು ಹೇಳು ಎನ್ನುತ್ತಾರೆ. ಪಾಪನಿವೇದನೆಯ ಗೂಡಿನಲ್ಲಿ ಪಾದ್ರಿಯ ಕಿವಿಗೆ ಹೇಳಬೇಕು, ಅವರು ಅದನ್ನು ಸಾಯುವವರೆಗೆ ಯಾರಿಗೂ ಹೇಳಬಾರದು. ಹೇಳಿ ಹಗುರಾಗುವುದು ಅವರ ದಾರಿ. ಇಸ್ಲಾಂ ಹೇಳಬೇಡ ಎನ್ನುತ್ತದೆ. ರಾತ್ರಿ ಮಾಡಿದ ತಪ್ಪನ್ನು ದೇವರೇ ಮುಚ್ಚಿಟ್ಟಿರುವಾಗ ಬೆಳಿಗ್ಗೆ ಎದ್ದು ನೀನೇ ಹರಡಬೇಡ, ಅವನ ಹತ್ತಿರ ಮಾತ್ರ ಕ್ಷಮೆ ಕೇಳು, ಬಿಟ್ಟುಬಿಡು. ಮುಚ್ಚಿ ಮಾನ ಕಾಯುವುದು ಅವರ ದಾರಿ. ನಿಮ್ಮ ಹುಡುಗಿ ನಿಮ್ಮ ಹತ್ತಿರ ಬಂದು ಎಲ್ಲ ಹೇಳಿ ಅತ್ತಳು, ಗೆಳತಿ ‘ಲೆಕ್ಕ ಇಲ್ಲ ಕಣೇ’ ಎಂದು ಮುಚ್ಚಲು ನೋಡಿದಳು. ಇಬ್ಬರೂ ತಮ್ಮ ತಮ್ಮ ಮನೆಯಲ್ಲಿ ಕಲಿತದ್ದನ್ನೇ ಮಾಡಿದರು.

ಆದರೆ ಗ್ರಂಥದಲ್ಲಿ ಇರುವ ಕರುಣೆ ಬೀದಿಗೆ ಬರುವಾಗ ಉಳಿಯುವುದಿಲ್ಲ. 1650ರಲ್ಲಿ ಇಂಗ್ಲೆಂಡಿನ ಕಟ್ಟುನಿಟ್ಟಿನ ಪ್ರಾಟೆಸ್ಟಂಟರಾದ ಪ್ಯೂರಿಟನ್ನರು ವ್ಯಭಿಚಾರಕ್ಕೆ ಮರಣದಂಡನೆ ಎಂದು ಕಾನೂನು ಮಾಡಿದರು. ಐರ್ಲೆಂಡಿನಲ್ಲಿ ಮದುವೆಯಿಲ್ಲದೆ ಬಸುರಾದ ಹುಡುಗಿಯರೂ ಸೇರಿ ಸಾವಿರಾರು ಹೆಂಗಸರನ್ನು ಸನ್ಯಾಸಿನಿಯರ ಬಟ್ಟೆ ಒಗೆಯುವ ಮನೆಗಳಲ್ಲಿ ಕೂಡಿಹಾಕಿ ದುಡಿಸಿದರು. ಕೊನೆಯದು ಮುಚ್ಚಿದ್ದು 1996ರಲ್ಲಿ, ಸರ್ಕಾರ ಕ್ಷಮೆ ಕೇಳಿದ್ದು 2013ರಲ್ಲಿ. ಪಾಕಿಸ್ತಾನದಲ್ಲಿ 1979ರಲ್ಲಿ ಇಸ್ಲಾಮಿ ಶಿಕ್ಷೆಗಳ ಹುದೂದ್ ಕಾನೂನು ಬಂದ ಮೇಲೆ, ಅತ್ಯಾಚಾರದ ದೂರು ಕೊಟ್ಟ ಹೆಂಗಸು ಅದನ್ನು ಸಾಬೀತು ಮಾಡಲಾಗದಿದ್ದರೆ ಅವಳ ಮೇಲೇ ಜಿನಾ ಕೇಸು ಬಿದ್ದ ಉದಾಹರಣೆಗಳಿವೆ. ಹೆಣ್ಣನ್ನು ಅಪವಾದದಿಂದ ಕಾಯಲು ಇಳಿದ ನಾಲ್ಕು ಸಾಕ್ಷಿಯ ನಿಯಮವನ್ನು ಹೆಣ್ಣಿನ ಮೇಲೇ ತಿರುಗಿಸಿದರು. 2006ರಲ್ಲಿ ಅದನ್ನು ತಿದ್ದಿದರು.

ದೂರದ ದೇಶಗಳ ಮಾತು ಬಿಡಿ. ಸುಮಾರು ಇಪ್ಪತ್ತು ವರ್ಷದ ಹಿಂದೆ ನನ್ನ ಕ್ಲಾಸಿನ ಹುಡುಗಿಯೊಬ್ಬಳು ಬರೆದ ಕಾಗದ ಒಬ್ಬ ಹುಡುಗನ ಪುಸ್ತಕದಲ್ಲಿ ಸಿಕ್ಕಿತು. ಬರೀ ಪ್ರೀತಿಯ ಕಾಗದ. ಅವಳನ್ನು ಮನೆಯವರು ಕಾಲೇಜು ಬಿಡಿಸಿದರು. ಅವನು ಪರೀಕ್ಷೆ ಬರೆದ, ಡಿಗ್ರಿ ತೆಗೆದುಕೊಂಡ. ಅವರು ಯಾವ ಧರ್ಮದವರು ಎಂದು ಹೇಳುವುದಿಲ್ಲ, ಯಾವ ಧರ್ಮದವರಾಗಿದ್ದರೂ ಹೀಗೇ ಆಗುತ್ತಿತ್ತು. ಅವಳ ಪರವಾಗಿ ಒಂದು ಮಾತು ಆಡಬಹುದಿತ್ತು. ನಾನು ಸುಮ್ನೆ ಇದ್ದೆ. ಅದು ಇಂದಿಗೂ ಚುಚ್ಚುತ್ತದೆ. ನಿಮಗೆ ಇಷ್ಟು ಉದ್ದ ಬರೆಯುತ್ತಿರುವುದಕ್ಕೆ ಅದೂ ಒಂದು ಕಾರಣ.

ಇನ್ನು ನೀವು ಏನು ಮಾಡಬಹುದು. ಅಳುವ ಹುಡುಗಿಗೆ ಮೂರು ಮೆಟ್ಟಿಲಿನ ಮಾತು ಹೇಳಿ. ಮನಸ್ಸಿಗೆ ಬಂದದ್ದು ಪಾಪ ಅಲ್ಲ, ಅದು ಪ್ರಾಯ. ಇದನ್ನು ಅವಳ ಧರ್ಮದ ಗುರುವೇ ಹೇಳಿದ್ದಾರೆ ಎಂದು ತಿಳಿದರೆ ಅವಳಿಗೆ ಧೈರ್ಯ ಬರುತ್ತದೆ. ಬರೀ ನೀವು ಸಮಾಧಾನಕ್ಕೆ ಹೇಳಿದಿರಿ ಎಂದು ಅವಳಿಗೆ ಅನ್ನಿಸಬಾರದು. ಗೆಳತಿಗೂ ಅವಳ ಮಾತು ತಪ್ಪಲ್ಲ ಎಂದು ಹೇಳಿ, ಮೊದಲ ನೋಟ ಎರಡನೇ ನೋಟದ ಹದೀಸನ್ನೂ ನೆನಪಿಸಿ. ಅಳು ದಿನವೂ ಇದ್ದರೆ, ಊಟ ನಿದ್ದೆ ಬಿಟ್ಟರೆ, ಅದು ಧರ್ಮದ ಪ್ರಶ್ನೆಯಾಗಿ ಉಳಿದಿಲ್ಲ ಎಂದು ತಿಳಿದು ಮನೋವೈದ್ಯರಿಗೆ ತೋರಿಸಿ. ಪಾಪದ ಭಯ ಮನಸ್ಸಿಗೆ ಗಂಟು ಬೀಳುವುದು ಹೊಸದೇನಲ್ಲ, ಪಾದ್ರಿಗಳಿಗೂ ಅದು ಚೆನ್ನಾಗಿ ಗೊತ್ತು. ಇಬ್ಬರನ್ನೂ ಬೇರೆ ಬೇರೆ ರೂಮಿಗೆ ಮಾತ್ರ ಹಾಕಬೇಡಿ. ಪಾಪನಿವೇದನೆಗೆ ಹೋಗಿ ಬರುತ್ತೇನೆ ಎಂದು ಅವಳು ಕೇಳಿದರೆ ಭಾನುವಾರ ಬೆಳಿಗ್ಗೆ ಬೇಗ ಗೇಟು ತೆಗೆಸಿ. ನಾನೂ ಜೊತೆಗೆ ಹೋಗಿ ಚರ್ಚಿನ ಹೊರಗೆ ಕಾಯುತ್ತೇನೆ ಎಂದು ಗೆಳತಿ ಹೇಳಿದರೆ ಬೇಡ ಅನ್ನಬೇಡಿ.